ಅಕ್ಕನ ಫೋಟೋ ತೆಗೆದದ್ದು

ಫೋನು ಬಂದಾಗ ಅವನ ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಅಕ್ಕ ಸುಮ್ಮಸುಮ್ಮನೆ ಫೋನು ಮಾಡುವವಳಲ್ಲ. ಮಾಡಿದಳೆಂದರೆ ಯಾರೋ ಸತ್ತಿರಬೇಕು, ಇಲ್ಲವೇ ಸಾಯುವ ತಯಾರಿಯಲ್ಲಿರಬೇಕು. ದಿನವಿಡೀ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಎಂದು ಊರಿಗೆಲ್ಲ ಕೂಗಿ ಹೇಳುವವಳಿಗೆ ಬದುಕಿರುವವರ ವಿಷಯಕ್ಕೆ ಗಂಟಲು ಸವೆಸುವುದು ದುಂದು. ಆದ್ದರಿಂದ ಅವನು ನೊರೆಯ ಕೆನ್ನೆಗೇ ಫೋನು ಒತ್ತಿಕೊಂಡು, ಯಾರು ಹೋದರು ಎಂದು ಕೇಳುವ ಮೆತ್ತನೆಯ ಧ್ವನಿಯನ್ನು ಗಂಟಲಲ್ಲಿ ಸಿದ್ಧ ಮಾಡಿಕೊಂಡ. ಅದು ಬೇಕಾಗಲಿಲ್ಲ. "ನನ್ನ ಫೋಟೋ ತೆಗಿ," ಅಂದಳು ಅಕ್ಕ. ಹಿಂದೆ ಬಸ್ಸುಗಳು ಗುರುಗುಡುತ್ತಿದ್ದವು. "ಇವತ್ತೇ ತೆಗಿ. ಕೇಳಿಸ್ತಾ? ನಾಳೆ ನಾಡಿದ್ದು ಅಂತ ರಾಗ ಎಳೀಬೇಡ." ಅವನು ಹೂಂ ಅನ್ನುವಷ್ಟರಲ್ಲಿ ಕಟ್ಟಾಯಿತು. ಯಾವುದೋ ಬಸ್ಸು ಅವಳ ಅಪ್ಪಣೆಗೆ ಕಾದು ನಿಂತಿತ್ತೇನೋ.

ಕನ್ನಡಿಯಲ್ಲಿ ಅರ್ಧ ಮುಖ ನಗುತ್ತಿತ್ತು, ಇನ್ನರ್ಧ ನೊರೆಯೊಳಗೆ ನಗುತ್ತಿತ್ತು. ಕ್ಯಾಮೆರಾವನ್ನು ಇವತ್ತಿನವರೆಗೂ 'ಆ ಡಬ್ಬ' ಎಂದೇ ಕರೆದ ಅಕ್ಕ, ತಮ್ಮನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ 'ಕಣ್ಣು ಕಿರಿದು ಮಾಡೋದು' ಎನ್ನುತ್ತಿದ್ದ ಅಕ್ಕ, ತನ್ನ ಫೋಟೋ ತೆಗಿ ಎಂದು ತಾನಾಗಿ ಕೇಳಿದ್ದಾಳೆ. ನಿಲ್ದಾಣದ ಎದುರಿನ ಚಿತ್ರಪ್ರದರ್ಶನದ ಹಾಲಿನಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ ತನ್ನ ಚಿತ್ರವನ್ನು ನೋಡಿರಬೇಕು. ಮೆಚ್ಚಿರಬೇಕು. ಇನ್ನೊಂದು ಬೇಕೆನಿಸಿರಬೇಕು. ಹೊರಗಿನಿಂದ ಹೆಂಡತಿ ಕೇಳಿದಳು, "ಯಾರು ಹೋದ್ರಂತೆ?"

"ಯಾರೂ ಹೋಗಿಲ್ಲ. ಫೋಟೋ ತೆಗಿ ಅಂದ್ಲು."

"ಯಾರಿಗೆ, ನಿಮಗಾ?"

"ಮತ್ತೆ?"

"ಜ್ವರಗಿರ ಇದೆಯಾ ಕೇಳಬಾರದಿತ್ತಾ," ಅನ್ನುತ್ತ ಹೆಂಡತಿ ಒಳಗೆ ಇಣುಕಿ ನೋಡಿದಳು. "ಫೋನಿನ ಕಿವಿಯೊಳಗೆಲ್ಲ ಸೋಪು ಹೋಗಿದೆ, ಒರೆಸಿ. ಅದಕ್ಕಾದ್ರೂ ನೆಟ್ಟಗೆ ಕೇಳಿಸ್ಲಿ."

ಅವನು ಎಂದಿನಂತೆ ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು, ದೇವರೇ ಒಂದಿಷ್ಟು ಒಳ್ಳೆಯ ಬೆಳಕು ಕೊಡಪ್ಪ ಎಂದು ಬೇಡಿಕೊಂಡು, ಬೀದಿಗಿಳಿದ. ದೇವರು ಈ ಬೇಡಿಕೆಯನ್ನು ಅಪರೂಪಕ್ಕೆ ನಡೆಸಿಕೊಡುತ್ತಿದ್ದ, ಅದೂ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವ ಲೆಕ್ಕದಲ್ಲಿ. ಊರಿಗೆ ಒಂದು ಗೋಪುರವಿತ್ತು. ಅಥವಾ ಗೋಪುರಕ್ಕೆ ಒಂದು ಊರಿತ್ತು, ಹೊರಗಿನಿಂದ ಬಂದವರು ಅದನ್ನು ಗಮನಿಸುತ್ತಿರಲಿಲ್ಲ. ಆ ಗೋಪುರದ ಮುಂದೆ ನಿಂತು ಅವನು ವರ್ಷಗಟ್ಟಲೆ ಫೋಟೋಗಳಲ್ಲಿ ಜನರ ಬೆರಳುಗಳಿಗೆ ಅದರ ತುದಿಯನ್ನು ಹಿಡಿಸಿದ್ದ. ಇನ್ನೂ ಸ್ವಲ್ಪ ಮೇಲೆ ಸಾರ್, ಎಡಕ್ಕೆ ಮೇಡಂ, ಹಾಂ, ಈಗ ಚಿವುಟಿ. ಚಿವುಟುತ್ತಿದ್ದರು. ಮದುವೆಯಾದವರು, ಆಗಲಿದ್ದವರು, ಯಾಕಾದರೂ ಆದೆವೋ ಎನ್ನುವವರು, ಎಲ್ಲರೂ ಗಾಳಿಯನ್ನು ಚಿವುಟಿಕೊಂಡು ಹಲ್ಲು ಬಿಟ್ಟು ನಿಲ್ಲುತ್ತಿದ್ದರು. ಆಮೇಲೆ ಎಲ್ಲರ ಜೇಬಿಗೂ ಒಂದೊಂದು ಕ್ಯಾಮೆರಾ ಬಂದು, ಚಿವುಟಿಸುವವನೇ ಬೇಡವಾದ. ಕೆಲಸವಿಲ್ಲದ ಒಂದು ಮಧ್ಯಾಹ್ನ ಸುಮ್ಮನೆ ಹಿಂದಕ್ಕೆ ತಿರುಗಿದ. ಊರು ಅಲ್ಲೇ ಇತ್ತು. ಇಸ್ತ್ರಿಯವನು ಮುದುಡಿದ ಅಂಗಿ ತೊಟ್ಟು ಬೇರೆಯವರ ಅಂಗಿ ಉಜ್ಜುತ್ತಿದ್ದ. ಒಬ್ಬಾತ ಸೈಕಲ್ಲಿನ ಮೇಲೆ ಬಾಗಿಲೊಂದನ್ನು ಕಟ್ಟಿಕೊಂಡು, ಮನೆ ಎಲ್ಲಿ ಬಿಟ್ಟೆನೋ ಎಂಬ ಮುಖದಲ್ಲಿ ಹೋಗುತ್ತಿದ್ದ. ಮಾಳಿಗೆಯ ಹೆಂಗಸು ಹಗ್ಗದಿಂದ ಕಂಬಳಿ ಎಳೆಯುತ್ತ ಅದರೊಂದಿಗೆ ಜಗಳವಾಡುತ್ತಿದ್ದಳು. ಅಂದಿನಿಂದ ಅವನು ಗೋಪುರದ ಕಡೆ ತಲೆಹಾಕಿ ಮಲಗುವುದನ್ನೂ ಬಿಟ್ಟ, ಹೆಂಡತಿ ಮಂಚ ತಿರುಗಿಸಬೇಕಾಯಿತು.

ಪ್ರದರ್ಶನದ ಹಾಲು ನಡೆಸುವ ಮೇಡಂ, ಅವನು ಹೀಗೆ ಊರಿನ ಕಡೆ ತಿರುಗಿ ತೆಗೆದ ಚಿತ್ರಗಳನ್ನೆಲ್ಲ ನೋಡಿ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಚಿತ್ರ ನೋಡಿ ಕಣ್ಣು ಮುಚ್ಚುವವರನ್ನು ಅವನು ಅದೇ ಮೊದಲು ಕಂಡದ್ದು. ಪ್ರದರ್ಶನಕ್ಕೆ 'ಗೋಪುರಕ್ಕೆ ಬೆನ್ನು' ಎಂದು ಹೆಸರಿಟ್ಟವಳೂ ಅವಳೇ. ಅಕ್ಕನ ಚಿತ್ರದ ಮುಂದೆ ಮಾತ್ರ ಅವಳು ಕಣ್ಣು ಬಿಟ್ಟೇ ನಿಂತಳು. "ಇದರಲ್ಲಿ ಒಂದು ಮೌನ ಇದೆ," ಅಂದಳು. "ಬಸ್ ಸ್ಟ್ಯಾಂಡಲ್ಲಾ ಮೇಡಂ?" ಎಂದು ಕೇಳಿದ್ದಕ್ಕೆ ಅವನ ತೋಳು ತಟ್ಟಿ, ಕಲಾವಿದರು ಹೀಗೆ ಏನೂ ಗೊತ್ತಿಲ್ಲದವರಾಗಿರುವುದೇ ಚೆಂದ ಅಂದಳು. ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಲು ಅವನಿಗೆ ಎರಡು ದಿನ ಹಿಡಿಯಿತು. ನಾಳೆ ಬೆಳಗ್ಗೆ ದೊಡ್ಡ ಸಂಗ್ರಹಾಲಯದಿಂದ ಒಬ್ಬರು ಬರುವವರಿದ್ದರು, ಆ ಒಂದು ಚಿತ್ರಕ್ಕಾಗಿಯೇ. ಅವರು ಒಪ್ಪಿದರೆ ಅದು ಅಲ್ಲಿನ ಗೋಡೆಗೆ ಹೋಗುತ್ತದೆ, ಅವನು ಸತ್ತ ಮೇಲೂ ಅಲ್ಲೇ ಇರುತ್ತದೆ. ಚಿವುಟಿಸುತ್ತಿದ್ದವನು ಎಂದು ಯಾರೂ ಅನ್ನುವುದಿಲ್ಲ.

ಆ ಚಿತ್ರ ಸಿಕ್ಕಿದ್ದು ಒಂದು ಕೊಡೆಯ ದೆಸೆಯಿಂದ. ಅಕ್ಕ ಅವನ ಮನೆಯಲ್ಲಿ ಮರೆತುಹೋದ ಕೊಡೆಯನ್ನು ಕೊಡಲು ನಿಲ್ದಾಣಕ್ಕೆ ಹೋಗಿದ್ದ. ಅವಳ ಗಾಜಿನ ಗೂಡು ನಿಲ್ದಾಣದ ಮೂಲೆಯಲ್ಲಿ, ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ. ಮೈಕಿನ ಪಕ್ಕದಲ್ಲಿ ಚಹದ ಕಪ್ಪಿನ ಒಂದು ಬಸಿ, ಬಸಿಯ ಮೇಲೆ ಅಕ್ಕನ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ, ಆಗಷ್ಟೇ ಮಾತು ಮುಗಿಸಿ ಸುಧಾರಿಸಿಕೊಳ್ಳುತ್ತಿರುವ ಹಾಗೆ. ಅಕ್ಕ ಗಾಜಿನಾಚೆ ಬಸ್ಸುಗಳನ್ನು ನೋಡುತ್ತಿದ್ದಳು. ಕೆನ್ನೆಗಳು ಒಳಕ್ಕೆ ಹೋಗಿ, ಬಾಯಿ ಅರೆ ತೆರೆದು, ಇಡೀ ಊರನ್ನು ಕಳಿಸಿಕೊಟ್ಟು ತಾನೊಬ್ಬಳೇ ಉಳಿದವಳ ಮುಖ. ಅವಳಿಗೆ ಕಟ್ಟಿಸಿದ ಹಲ್ಲು ಎಂಬುದು ಮನೆಯವರಿಗಲ್ಲದೆ ಹೊರಗೆ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಎಲ್ಲಿಂದಲೋ ಒಂದು ಬಸ್ಸಿನ ಕನ್ನಡಿ ತಿರುಗಿ ಬೆಳಕು ಬಂದು ಬಸಿಯ ಮೇಲೆ ಬಿತ್ತು. ದೇವರು ಕೊಟ್ಟೇಬಿಟ್ಟ. ಅವನು ಕ್ಯಾಮೆರಾ ಎತ್ತಿ ಗಾಜಿನಾಚೆಯಿಂದ, "ಅಕ್ಕ, ತೆಗೀಲಾ?" ಅಂದ. ಕೇಳಿದ್ದಂತೂ ನಿಜ. ಕೇಳಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಅಕ್ಕ ತಿರುಗದೆಯೇ ಉತ್ತರ ಕೊಟ್ಟಳು, ಹಲ್ಲಿಲ್ಲದ ಬಾಯಲ್ಲಿ ಅಕ್ಷರಗಳು ಜಾರಿದವು: "ಹೆಗಿ, ಹೆಗಿ. ಒಹ್ಹು ಹೆಗಿ." ಅವನು ತನಗೆ ಬೇಕಾದ ಅಕ್ಷರಗಳನ್ನು ತುಂಬಿಕೊಂಡು ತೆಗೆದ. ಮೇಡಂಗೆ ಈ ಕತೆ ಹೇಳುವಾಗ, ತೆಗಿ ತೆಗಿ ಅಂದಳು ಎಂದಷ್ಟೇ ಹೇಳಿ ನಿಲ್ಲಿಸುತ್ತಿದ್ದ. ಕೊನೆಯ ತುಂಡನ್ನು ಬಿಟ್ಟುಬಿಡುತ್ತಿದ್ದ. ಅಪ್ಪ ಇದ್ದಿದ್ದರೆ ಹಿಡಿಯುತ್ತಿದ್ದ. ಸಂಜೆಯಾದರೆ ಕಾಲು ಮಡಿಸಿ ಕೂತು ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದ ಅಪ್ಪ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಪದ ಬಿಡಿಸಿ ಓದಿ ಅನ್ನುತ್ತಿದ್ದ. ಅಕ್ಕ ಸರಿಯಾದ ಜಾಗದಲ್ಲಿ ಬಿಡಿಸುತ್ತಿದ್ದಳು. ಅವನು ಬಿಡಿಸಿದರೆ ಪದ್ಯದ ರಾಜ ಕುದುರೆಯನ್ನು ಮದುವೆಯಾಗಿಬಿಡುತ್ತಿದ್ದ. ಇವನಿಗೆ ದೇವರು ಕಿವಿ ಕೊಟ್ಟಿರೋದು ಕನ್ನಡಕ ಸಿಕ್ಕಿಸೋಕೆ ಕಣೇ, ಎಂದು ಅಪ್ಪ ಅಮ್ಮನಿಗೆ ಹೇಳುತ್ತಿದ್ದ. ಅಮ್ಮ, ಕಣ್ಣಾದ್ರೂ ಕೊಟ್ಟಿದಾನಲ್ಲ ಬಿಡಿ ಅನ್ನುತ್ತಿದ್ದಳು. ಹಾಗೆ ಅವನು ಫೋಟೋದವನಾದ.

ನಿಲ್ದಾಣದಲ್ಲಿ ಕಾಲಿಡುತ್ತಿದ್ದಂತೆ ಅಕ್ಕನ ಧ್ವನಿ ಮೇಲಿನಿಂದ ಬಿತ್ತು. ಅಪ್ಪನದೇ ಧ್ವನಿ, ಅದೇ ತೂಕ, ಎಲ್ಲಿ ಎಳೆಯಬೇಕೋ ಅಲ್ಲೇ ಎಳೆತ. ಹೊರಡುವ ಬಸ್ಸಿಗೂ ಅವಳು ಒಂದು ಮರ್ಯಾದೆ ಕೊಡುತ್ತಿದ್ದಳು. ಇವತ್ತು ಮಾತ್ರ ಸಕಾರಗಳನ್ನು ಅವಸರದಲ್ಲಿ ದಾಟಿಹೋಗುತ್ತಿದ್ದಾಳೆ ಅನ್ನಿಸಿತು, ಕೆಸರು ದಾಟುವ ಹಾಗೆ. ಕಂಬದ ಬುಡದಲ್ಲಿ ಇಬ್ಬರು ಕಂಡಕ್ಟರುಗಳು ತುಟಿಗಳನ್ನು ಬಾಯೊಳಗೆ ಎಳೆದುಕೊಂಡು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಅವನಿಗೆ ಅದು ಒಳ್ಳೆಯ ಚಿತ್ರವಾದೀತು ಅನ್ನಿಸಿ ಒಂದನ್ನು ತೆಗೆದ. ಅವರು ಯಾಕೆ ಹಾಗೆ ಮಾಡುತ್ತಿದ್ದಾರೆಂದು ಯೋಚಿಸಲಿಲ್ಲ. ಮೆಟ್ಟಿಲು ಹತ್ತಿದ. ಗೂಡಿನ ಬಾಗಿಲು ಯಾವತ್ತಿನಂತೆ ಬಿಗಿದುಕೊಂಡಿತ್ತು, ಕೆಳಗೆ ಒದ್ದರೆ ಮಾತ್ರ ಬಿಟ್ಟುಕೊಡುವಂಥದ್ದು. ಒದ್ದ.

"ಬಂದ್ಯಾ," ಅಂದಳು ಅಕ್ಕ, ಮೈಕಿನ ಗುಂಡಿಯಿಂದ ಕೈ ತೆಗೆದು. "ತೆಗೆದ್ಯಾ?"

"ಇರು, ಬೆಳಕು ನೋಡ್ಬೇಕಲ್ಲ. ಸ್ವಲ್ಪ ಈ ಕಡೆ ತಿರುಗು."

ಅಕ್ಕ ತಿರುಗಿದಳು, ಅವನಿಗೆ ತಲೆ ನೆಟ್ಟಗಿದೆಯೇ ಎಂದು ನೋಡಲು. ಅವನು ಒತ್ತಿದ.

"ಏನೋ ಮಾಡಿದೆ ಈಗ?"

"ತೆಗೆದೆ."

"ಏನನ್ನ ತೆಗೆದೆ?"

"ಫೋಟೋನ. ನೀನೇ ತಾನೇ ತೆಗಿ ಅಂದಿದ್ದು?"

ಅಕ್ಕ ಬಾಯಿ ತೆರೆದಳು. ಆದರೆ ಕೆಳಗೆ ಡ್ರೈವರೊಬ್ಬ ಹಾರನ್ನು ಒತ್ತಿದ್ದರಿಂದ ಗುಂಡಿ ಒತ್ತಿದಳು. "ಪ್ರಯಾಣಿಕರ ಗಮನಕ್ಕೆ. ಗಿರಣಿ, ಹೆರಿಗೆ ಆಸ್ಪತ್ರೆ, ಸ್ಮಶಾನದ ಮಾರ್ಗವಾಗಿ ಹೋಗುವ ಬಸ್ಸು ಮೂರನೆಯ ಅಂಕಣದಿಂದ ಹೊರಡಲಿದೆ." ಗುಂಡಿ ಬಿಟ್ಟಳು. "ಕತ್ತೆ. ತೆಗಿ ಅಂದ್ರೆ ತೆಗೆದುಹಾಕು ಅಂತ. ಆ ಹಾಲಲ್ಲಿ ಗೋಡೆ ತುಂಬ ನೇತುಹಾಕಿದೀಯಲ್ಲ ನನ್ನ ಬೋಳು ಬಾಯಿ, ಅದನ್ನ ಕೆಳಗೆ ಇಳಿಸು ಅಂತ. ಅದಕ್ಕೆ ಇನ್ನೊಂದು ತೆಗೆಯೋಕೆ ಬಂದಿದೀಯ ನೀನು?"

ಅವನಿಗೆ ಮೊದಲು ಅನ್ನಿಸಿದ್ದು ನಾಚಿಕೆಯಲ್ಲ. ಮಾತು ಎರಡು ತುಂಡಾಗಿ, ತಾನು ಬೆಳಗಿನಿಂದ ಹೊತ್ತು ತಂದ ತುಂಡು ಕಾಲ ಮೇಲೆ ಬಿದ್ದ ಹಾಗಾಯಿತು. ಎರಡೂ ಅರ್ಥ ಅದರಲ್ಲಿತ್ತು, ಅವನಿಗೆ ಒಂದೇ ಕೇಳಿಸಿತ್ತು, ಸಿಹಿಯಾದದ್ದು. "ಹಾಲಿಗೆ ಯಾರು ಹೋಗ್ತಾರೆ ಅಕ್ಕ, ಎಲ್ಲೋ ನಾಲ್ಕು ಜನ," ಅಂದ.

"ಎಲ್ಲ ಕಂಡಕ್ಟರುಗಳೂ ಹೋಗ್ತಾರೆ. ಅಲ್ಲಿ ತಂಪಾಗಿದೆ, ಕಕ್ಕಸು ಚೊಕ್ಕಟವಾಗಿದೆ. ಕಲೆ ನೋಡೋಕೆ ಅಂದ್ಕೊಂಡ್ಯಾ? ಕಕ್ಕಸಿಗೆ ಹೋಗೋ ದಾರೀಲಿ ನಾನಿದೀನಿ." ಗುಂಡಿ. "ಸಂತೆ ಮೈದಾನದ ಬಸ್ಸು ಇಂದು ತಡವಾಗಿ ಬರಲಿದೆ, ಪ್ರಯಾಣಿಕರು ಸಹಕರಿಸಬೇಕು." ಗುಂಡಿ ಬಿಟ್ಟಳು. "ನಿನ್ನೆ ಒಬ್ಬ ಇಲ್ಲಿಗೇ ಬಂದು, ಅಕ್ಕ ಇವತ್ತು ಹಾಕ್ಕೊಂಡು ಕೂಗ್ತಿದೀರೋ ಬಿಚ್ಚಿಟ್ಟು ಕೂಗ್ತಿದೀರೋ ಅಂತಾನೆ. ನನಗಿಂತ ಚಿಕ್ಕವನು. ಮೊನ್ನೆವರೆಗೂ ನನ್ನ ಕಂಡ್ರೆ ಬೀಡಿ ಹಿಂದೆ ಮುಚ್ಚಿಟ್ಕೊಳ್ತಿದ್ದ."

"ಅದು ನನ್ನ ಬದುಕಲ್ಲೇ ಒಳ್ಳೇ ಚಿತ್ರ ಅಕ್ಕ. ನಾಳೆ ಅದನ್ನ ನೋಡೋಕೆ ದೊಡ್ಡವರು ಬರ್ತಿದಾರೆ. ನಾಳೆ ಒಂದು ದಿನ ಇರ್ಲಿ. ಆಮೇಲೂ, ಆವತ್ತು ನೀನೇ ತೆಗಿ ಅಂದೆ. ನಾನು ಕೇಳಿದೀನಿ."

"ಒದ್ದು ತೆಗಿ ಅಂದೆ ಕಣೋ! ಬಾಗಿಲನ್ನ! ಫೋಟೋನ ಯಾರಾದ್ರೂ ಒದ್ದು ತೆಗೀತಾರಾ?"

ಅವನು ಕಾಲ ಕಡೆ ನೋಡಿಕೊಂಡ. ಒದ್ದು. ಆ ತುಂಡು ಇಷ್ಟು ದಿನವೂ ಕಿವಿಯಲ್ಲೇ ಇತ್ತು, ಹೊರಗೆ ಬಿಟ್ಟಿರಲಿಲ್ಲ ಅಷ್ಟೆ. ಅಕ್ಕ ಬಸಿಯನ್ನು ಸುಮ್ಮನೆ ಒಮ್ಮೆ ಆಚೆ ಸರಿಸಿ ಮತ್ತೆ ಈಚೆ ಸರಿಸಿದಳು. ಅದರ ಮೇಲೆ ಈಗ ಒಂದು ಪಿನ್ನು ಮಾತ್ರ ಇತ್ತು. ಹಲ್ಲು ಬಿಚ್ಚಿಡುವುದನ್ನೇ ಬಿಟ್ಟಿದ್ದಾಳೆ ಎಂದು ಅವನಿಗೆ ಆಗ ಹೊಳೆಯಿತು, ವಸಡು ನೋಯುತ್ತಿದ್ದರೂ. "ಇಷ್ಟು ವರ್ಷ ನಾನು ಕೂಗಿದ್ರೆ ಜನ ತಲೆ ಎತ್ತಿ ಮೇಲೆ ನೋಡ್ತಿದ್ರು," ಅಂದಳು, ಜಗಳದ ಧ್ವನಿ ಬಿಟ್ಟು. "ಸ್ಪೀಕರ್ ಕಡೆ. ಆಕಾಶದಿಂದ ಬಂತೇನೋ ಅನ್ನೋ ಹಾಗೆ. ನನಗೆ ಇಲ್ಲಿಂದ ಕಾಣ್ತಿತ್ತು. ಈಗ ತಿರುಗಿ ಈ ಗಾಜನ್ನ ನೋಡ್ತಾರೆ." ಗುಂಡಿ ಒತ್ತಿದಳು, ಹೇಳಲು ಬಸ್ಸೇನೂ ಇರಲಿಲ್ಲ, ಬಿಟ್ಟಳು. "ಹೋಗು. ಬಾಗಿಲು ಹಾಕ್ಕೊಂಡು ಹೋಗು."

ರಸ್ತೆ ದಾಟಿ ಹಾಲಿನೊಳಗೆ ಹೋದರೆ ಅಕ್ಕ ಬಾಗಿಲಿಗೆ ಎದುರಾಗಿ ಎರಡು ತೋಳಿಗೆ ಸಿಗುವಷ್ಟು ಅಗಲವಾಗಿ ಇದ್ದಳು, ಕೆಳಗೆ ಮೇಡಂ ಬರೆಸಿದ ಹೆಸರು: ಧ್ವನಿಯ ಮನೆ. ಕಕ್ಕಸಿನ ಕಡೆಯಿಂದ ಒಬ್ಬ ಕಂಡಕ್ಟರು ಕೈ ಒರೆಸಿಕೊಳ್ಳುತ್ತ ಬಂದು, ಚಿತ್ರಕ್ಕೆ ಒಂದು ಸಲಾಮು ಹೊಡೆದು ಹೋದ. ಅವನು ಸ್ಟೂಲು ತಂದಿಟ್ಟು ಹತ್ತಿದ. ಹತ್ತಿರದಿಂದ ನೋಡಿದರೆ ಬಸಿಯ ಅಂಚಿನ ಆ ಬೆಳಕು! ಇದನ್ನು ಇಳಿಸಿದರೆ ಉಳಿಯುವುದು ಇಸ್ತ್ರಿಯವನು, ಬಾಗಿಲಿನ ಸೈಕಲ್ಲು, ಕಂಬಳಿ. ಇಳಿದ. ನಾಳೆ ಸಂಜೆ ತೆಗೆದರೂ ತೆಗೆದ ಹಾಗೆಯೇ ಅಲ್ಲವೇ ಅಂದುಕೊಂಡ. ಇವತ್ತೇ ತೆಗಿ ಅಂದಿದ್ದಾಳೆ, ಇವತ್ತು ತೆಗೆದೂ ಆಗಿದೆ, ಗೂಡಿನಲ್ಲಿ ಒಂದನ್ನು. ಮಾತಿನ ಲೆಕ್ಕದಲ್ಲಿ ಬಾಕಿ ಏನೂ ಇಲ್ಲ. ಈ ಉಪಾಯ ತನ್ನದೇ ತಲೆಯಿಂದ ಹುಟ್ಟಿದ್ದಕ್ಕೆ ಅವನಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಮರುಕ್ಷಣ ತನ್ನ ಮುಖಕ್ಕೆ ತಾನೇ ಎಂಜಲು ಉಗಿದುಕೊಂಡ ಹಾಗಾಯಿತು. ಮತ್ತೆ ಹತ್ತಿದ. ಕೈ ಚೌಕಟ್ಟಿನವರೆಗೆ ಹೋಗಿ ಧೂಳು ಒರೆಸಿ ವಾಪಸು ಬಂತು. "ಅದನ್ನ ಮುಟ್ಟಬೇಡಿ ಪ್ಲೀಸ್," ಎಂದು ಮೇಡಂ ಒಳಗಿನಿಂದ ಬಂದಳು. "ನಾಳೆ ಅವರು ಬರೋದೇ ಅದಕ್ಕೆ." ಅವನು ವಿಷಯ ಹೇಳಿದ. ಮೇಡಂ ತಲೆದೂಗಿದಳು, ತಲೆದೂಗುತ್ತಲೇ ಇಲ್ಲ ಅಂದಳು. "ನಿಮ್ಮ ಅಕ್ಕನಿಗೆ ಅರ್ಥವಾಗಿಲ್ಲ. ಇದು ಅವರ ಫೋಟೋ ಅಲ್ಲ. ಇದು ಈ ನಗರ."

"ನಗರಕ್ಕೆ ನನ್ನ ಹಲ್ಲೇ ಬೇಕಾಗಿತ್ತೇನಮ್ಮ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಚಹದ ಬಿಡುವಿನಲ್ಲಿ ರಸ್ತೆ ದಾಟಿ ಬಂದಿದ್ದಳು, ಕೊಡೆ ಸಮೇತ, ಬೇಕಾದರೆ ಅವನಿಗೆ ಎರಡು ಬಿಗಿಯಲು ಅನುಕೂಲವಾಗುವ ಹಾಗೆ ಅದನ್ನು ಹಿಡಿದು. ಈವರೆಗೆ ಬೇರೆಯವರ ನಗುವಿನಲ್ಲಿ ಮಾತ್ರ ನೋಡಿದ್ದ ಚಿತ್ರವನ್ನು ಈಗ ಎದುರಿಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಸ್ಟೂಲಿನ ಮೇಲೆ ನಿಂತ ಅವನಿಗೆ ಇಳಿಯಬೇಕೋ ಬೇಡವೋ ತಿಳಿಯಲಿಲ್ಲ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಚೌಕಟ್ಟಿನ ಅಂಚು.

"ಇದೇನು ಬರ್ಸಿದೀರಿ, ಧ್ವನಿಯ ಮನೆ?" ಅಂದಳು ಅಕ್ಕ.

"ಮೇಡಂ ಇಟ್ಟ ಹೆಸರು," ಅಂದ ಅವನು.

"ಅದಕ್ಕೇನೋ ಬಾಗಿಲು ತೆಗೆದೇ ಇದೆ," ಎಂದು ಚಿತ್ರದಲ್ಲಿದ್ದ ತನ್ನ ಅರೆ ತೆರೆದ ಬಾಯಿಯತ್ತ ಕೊಡೆ ತೋರಿಸಿದಳು. ಮೇಡಂಗೆ ನಗಬೇಕೆಂದು ಹೊಳೆಯಲಿಲ್ಲ. ಅಕ್ಕ ಇನ್ನೂ ಹತ್ತಿರ ಹೋದಳು. "ಥೇಟ್ ಅಪ್ಪನ ಹಾಗೇ ಇದೀನಲ್ಲೋ." ಅವನು ತಲೆ ತಿರುಗಿಸಿ ನೋಡಿದ. ಹೌದು. ಕೊನೆಯ ವರ್ಷ ಅಪ್ಪನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಆದರೂ ಸಂಜೆಯ ಓದು ನಿಂತಿರಲಿಲ್ಲ. ಹಲ್ಲಿನ ಅಕ್ಷರಗಳೆಲ್ಲ ಉದುರಿಹೋಗಿ ಪದ್ಯದಲ್ಲಿ ಬರೀ ಗಾಳಿಯೂ ರಾಗವೂ ಉಳಿದಿದ್ದವು, ದೇವರೊಬ್ಬನಿಗೇ ಅರ್ಥವಾಗುವ ಹಾಗೆ. ಇವರಿಬ್ಬರೂ, ಮಕ್ಕಳಲ್ಲ, ಕತ್ತೆ ವಯಸ್ಸಾದವರು, ಬಾಗಿಲ ಹಿಂದೆ ನಿಂತು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ದರು. ಅಕ್ಕನಿಗೂ ಅದೇ ನೆನಪಾಗಿರಬೇಕು. ಭುಜ ಅಲುಗಿತು. ನಗು ಬಂದು, ಕೈ ತಾನಾಗಿ ಬಾಯಿಯ ಕಡೆ ಹೋಯಿತು, ಅರ್ಧದಲ್ಲೇ ನಿಂತು ಕೆಳಗಿಳಿಯಿತು.

"ಚೆನ್ನಾಗಿ ತೆಗೆದಿದೀಯ," ಅಂದಳು.

ಈ ಮಾತಿಗಾಗಿ ಅವನು ಎಷ್ಟು ಕಾಲದಿಂದ ಕಾಯುತ್ತಿದ್ದನೆಂದರೆ, ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ಟೂಲಿನ ಮೇಲೆ ಒಮ್ಮೆ ತೂಗಿದ. ಅಕ್ಕ ಕೊಡೆಯಿಂದಲೇ ಸ್ಟೂಲಿನ ಕಾಲನ್ನು ಒತ್ತಿ ಹಿಡಿದಳು.

"ಈಗ ತೆಗಿ."

ಅವನ ಒಂದು ಕೈ ಕ್ಯಾಮೆರಾದ ಮೇಲೆ ಹೋಗಿತ್ತು. ಅಲ್ಲಿಯೇ ನಿಂತಿತು. ಚಿತ್ರದ ಕೆಳಗೆ ಅದೇ ಮುಖ ನಿಜವಾಗಿ ನಿಂತಿತ್ತು, ಬಾಗಿಲಿನ ಬೆಳಕು ಅದರ ಮೇಲಿತ್ತು. ಬೇಡಿದ್ದರೂ ಇಷ್ಟು ಸಿಗುತ್ತಿರಲಿಲ್ಲ. ಹೆಗಿ, ಹೆಗಿ. ತನಗೆ ಬೇಕಾದ ಅಕ್ಷರಗಳು ಆಗಲೇ ಒಂದೊಂದಾಗಿ ಬಂದು ಕೂರುತ್ತಿದ್ದವು.

"ಅಕ್ಕ," ಅಂದ. "ಯಾವ ತೆಗಿ?"

ಅಕ್ಕ ಅವನನ್ನು ತಲೆ ಎತ್ತಿ ನೋಡಿದಳು, ಇದೇ ಮೊದಲ ಸಲ ಅವನು ಮಾತಾಡಿದ ಹಾಗೆ. "ಬಾಗಿಲಂತೂ ಅಲ್ಲ," ಅಂದಳು. ಆಮೇಲೆ, "ಗೋಡೆ ಮೇಲಿಂದು. ಒದೀಬೇಡ, ಮೆತ್ತಗೆ ತೆಗಿ. ಅಪ್ಪ ಇದಾನೆ ಅದರೊಳಗೆ."

ತೆಗೆದ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮೇಡಂ ಬರಿ ಗೋಡೆಯನ್ನು ನೋಡಿ, "ನಾಳೆ ಅವರು ಬಂದ್ರೆ ನಾನು ಏನು ತೋರಿಸ್ಲಿ?" ಅಂದಳು, ಈ ಸಲ ಕಣ್ಣಲ್ಲಿ ನಿಜವಾಗಿಯೇ ನೀರಿತ್ತು. "ಮೊಳೆ ಇದೆ ಮೇಡಂ," ಅಂದ ಅವನು. ಕುಹಕವಾಗಿ ಹೇಳಬೇಕೆಂದಿದ್ದ, ಅದು ಸಮಾಧಾನದ ಮಾತಿನಂತೆ ಹೊರಬಂತು. ಅಕ್ಕ ಗಡಿಯಾರ ನೋಡಿ, ಬಿಡುವು ಮುಗೀತು, ನನ್ನ ಮನೇಲಿ ಇಡು, ಗೋಡೆ ಕಡೆ ಮುಖ ಮಾಡಿ ಇಡು, ಎಂದು ಓಡುನಡಿಗೆಯಲ್ಲಿ ರಸ್ತೆ ದಾಟಿ ಹೋದಳು.

ಅವನು ಚೌಕಟ್ಟನ್ನು ಚಿತ್ರದ ಮುಖ ತನ್ನ ಎದೆಗೆ ಬರುವ ಹಾಗೆ ಅಪ್ಪಿಕೊಂಡು ಹೊರಗೆ ಬಂದ. ಎದುರಿಗೆ ಬಂದವರಿಗೆ ಕಾಣುತ್ತಿದ್ದದ್ದು ಕಂದು ಹಲಗೆ, ಕೆಳಗೆ ಎರಡು ಕಾಲು. ಮುಂದೆ ಏನಿದೆಯೆಂದು ಅವನಿಗೆ ಕಾಣುತ್ತಿರಲಿಲ್ಲ, ಪಕ್ಕಕ್ಕೆ ಕತ್ತು ಚಾಚಿ ಏಡಿಯ ಹಾಗೆ ಅಡ್ಡಡ್ಡ ನಡೆದ. ನಿಲ್ದಾಣದ ಬಾಯಿಗೆ ಬರುವಷ್ಟರಲ್ಲಿ ಒಂದು ಬಸ್ಸು ಹಿಂದಿನಿಂದ ಹಾರನ್ನು ಹೊಡೆಯಿತು, ಇನ್ನೊಂದು ಮುಂದಿನಿಂದ ಹೊಡೆಯಿತು, ಕಂಡಕ್ಟರೊಬ್ಬ, ಏನ್ ಸಾರ್ ಕನ್ನಡಿ ಅಂಗಡಿ ಇಟ್ರಾ, ಎಂದು ಕೂಗಿದ. ಅವನು ನಟ್ಟನಡುವೆ ನಿಂತುಬಿಟ್ಟ. ಆಗ ಮೇಲಿನಿಂದ, ಯಾವ ಸಕಾರವನ್ನೂ ದಾಟಿಹೋಗದೆ, ಪದ ಬಿಡಿಸಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಅಕ್ಕನ ಧ್ವನಿ ಬಂತು:

"ಪ್ರಯಾಣಿಕರ ಗಮನಕ್ಕೆ. ಚೌಕಟ್ಟು ಹೊತ್ತುಕೊಂಡು ರಸ್ತೆ ದಾಟುತ್ತಿರುವವರಿಗೆ ದಯವಿಟ್ಟು ದಾರಿ ಬಿಡಬೇಕು. ಸದರಿಯವರಿಗೆ ಕಿವಿ ಸ್ವಲ್ಪ ಮಂದ."

ಹಾರನ್ನುಗಳು ನಿಂತವು. ಅವನು ಚೌಕಟ್ಟಿನ ಪಕ್ಕದಿಂದ ಇಣುಕಿದ. ಮೂಟೆ ಹೊತ್ತವರು, ಮಗುವನ್ನು ಎತ್ತಿಕೊಂಡವರು, ಚಹದ ಲೋಟ ಹಿಡಿದ ಕಂಡಕ್ಟರುಗಳು, ಕಿಟಕಿಯಿಂದ ತಲೆ ಹೊರಹಾಕಿದ ಡ್ರೈವರುಗಳು, ಅಷ್ಟೂ ಜನ ಒಟ್ಟಿಗೆ ತಲೆ ಎತ್ತಿ ಮೇಲೆ ನೋಡುತ್ತಿದ್ದರು, ಸ್ಪೀಕರಿನ ಕಡೆ. ಒಬ್ಬರೂ ಗಾಜಿನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಬಾಯಿ ಚೂರು ಚೂರು ತೆರೆದಿತ್ತು. ಬೆಳಕು ಹೇಳಿ ಮಾಡಿಸಿದ ಹಾಗಿತ್ತು. ಕೊರಳಿನ ಕ್ಯಾಮೆರಾ ಚೌಕಟ್ಟಿನ ಮರಕ್ಕೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಎರಡು ಕೈಯಲ್ಲೂ ಅಕ್ಕ ಇದ್ದಳು. ಅವನು ಅಡ್ಡಡ್ಡ ನಡೆದು ದಾಟಿದ.